ಸ್ಪ್ಯಾನರ್ ಹಿಡಿದ ಸೋದರಳಿಯನಿಗೆ ಅತ್ತೆಯ ಕಿವಿಮಾತು

ತೊಟ್ಟಿಕ್ಕುತ್ತಿದ್ದ ಬಚ್ಚಲ ನಲ್ಲಿಗೆ ನೀನೇ ವಾಷರ್ ಹಾಕಿದೆಯಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಬಂದವರಿಗೆಲ್ಲ ನಲ್ಲಿ ತಿರುಗಿಸಿ ತೋರಿಸುತ್ತಿದ್ದೀಯಂತೆ. ತೋರಿಸು, ಜಂಬ ಪಡು, ನನಗೇನೂ ಬೇಜಾರಿಲ್ಲ. ಜಂಬ ಇಲ್ಲದವನು ಎರಡನೇ ಸಲ ಸ್ಪ್ಯಾನರ್ ಮುಟ್ಟುವುದಿಲ್ಲ. ಆದರೆ ಆ ಎರಡನೇ ಸಲಕ್ಕೆ ಮುಂಚೆ ಇಷ್ಟು ಕೇಳು.

• ಗೆದ್ದ ದಿನವೇ ಇನ್ನೊಂದಕ್ಕೆ ಕೈ ಹಾಕಬೇಡ. ಮೊದಲ ಕೆಲಸ ಕೈಗೂಡಿದ ಸಂಜೆ ಮನೆಯಲ್ಲಿರುವುದೆಲ್ಲ ಕೆಟ್ಟ ಹಾಗೇ ಕಾಣುತ್ತದೆ. ಸುಮ್ಮನೆ ಇರುವ ಫ್ಲಶ್ ಟ್ಯಾಂಕನ್ನು ಬಿಚ್ಚಿದರೆ ರಾತ್ರಿಯಿಡೀ ಸೋರುವುದನ್ನು ನೀನೇ ಕಾಯಬೇಕು.

• ಅಂಗಡಿಗೆ ಹೋಗುವಾಗ ಬಿಚ್ಚಿದ ಹಳೆಯ ಸಾಮಾನನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗು. ಬಾಯಲ್ಲಿ "ಅರ್ಧ ಇಂಚಿನದು" ಅಂದರೆ ಸಾಲದು. ಇನ್ನೊಂದು ಮಾತು: ಕಾಲು ಸುತ್ತಿಗೇ ಮುಚ್ಚಿಕೊಳ್ಳುವ ಹೊಸ ನಲ್ಲಿಗಳಲ್ಲಿ ಹಳೆಯ ಬಗೆಯ ವಾಷರ್ ಇರುವುದಿಲ್ಲ. ಅಲ್ಲಿ ಸ್ಪಿಂಡಲನ್ನೇ ಬದಲಿಸಬೇಕು.

• ನಲ್ಲಿ ಬಿಚ್ಚುವ ಮೊದಲು ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚು. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬಿಗಿದುಕೊಂಡಿರುತ್ತದೆ. ಜೋರು ಮಾಡಿದರೆ ಹಿಡಿ ಕೈಗೇ ಬರುತ್ತದೆ. ಆಗಾಗ ತೆರೆದು ಮುಚ್ಚುತ್ತಿರು.

• ಟೆಫ್ಲಾನ್ ಟೇಪಿಗೆ ದಿಕ್ಕು ಉಂಟು. ನಲ್ಲಿಯ ಥ್ರೆಡ್ ಇರುವ ತುದಿ ನಿನ್ನ ಕಡೆ ಮುಖ ಮಾಡಿರಲಿ, ಗಡಿಯಾರದ ಮುಳ್ಳು ಹೋಗುವ ಕಡೆಗೇ ಬಿಗಿಯಾಗಿ ಎಳೆದು ಸುತ್ತು. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪೆಲ್ಲ ಮುದುಡಿ ಹೊರಗೆ ಬರುತ್ತದೆ. ಕೆಲಸ ಮುಗಿಯಿತು ಎಂದು ಸಾರುವ ಮೊದಲು ನಲ್ಲಿಯ ಕೆಳಗೆ ಹಳೆಯ ಪೇಪರ್ ಹಾಸಿಟ್ಟು ಹೋಗಿ ಮಲಗು. ಬೆಳಿಗ್ಗೆ ಅದು ಒಣಗಿದ್ದರೆ ಫೋಟೋ ಕಳಿಸು.

• ಈಗ ಕರೆಂಟಿನ ವಿಷಯ, ಇದನ್ನು ಎರಡು ಸಲ ಓದು. ನಿಮ್ಮ ಮನೆಯಲ್ಲಿ ಯುಪಿಎಸ್ ಇದೆ. ಮೇನ್ ಆಫ್ ಮಾಡಿದೆ, ಕರೆಂಟ್ ಹೋಯಿತು ಅಂತ ನೀನು ತಿಳಿಯುತ್ತೀಯ. ಕರೆಂಟ್ ಹೋಯಿತು ಅಂತ ಯುಪಿಎಸ್ಸೂ ತಿಳಿಯುತ್ತದೆ! ಕೂಡಲೇ ಬ್ಯಾಟರಿಯಿಂದ ಫ್ಯಾನು, ಲೈಟಿನ ಲೈನಿಗೆ ಅದೇ 230 ವೋಲ್ಟ್ ಆಸುಪಾಸಿನ ಕರೆಂಟ್ ಬಿಡುತ್ತದೆ. ಹಾಗಾಗಿ ಎರಡನ್ನೂ ಆಫ್ ಮಾಡು. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಕು ಅನ್ನುವವರ ಮಾತು ಕೇಳಬೇಡ. ವೈರಿಂಗ್ ಮಾಡಿದವರು ಫೇಸ್ ಬದಲು ನ್ಯೂಟ್ರಲ್ಲನ್ನು ಸ್ವಿಚ್ಚಿಗೆ ಕೊಟ್ಟಿದ್ದರೆ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೇನ್ ಆಫ್ ಮಾಡುವ ಮುಂಚೆಯೇ ಟೆಸ್ಟರನ್ನು ಕರೆಂಟ್ ಇರುವ ಕಡೆ ಇಟ್ಟು ಉರಿಯುತ್ತದೆಯೇ ನೋಡಿಕೋ. ಟೆಸ್ಟರ್ ಸತ್ತಿದ್ದರೆ ಎಲ್ಲ ವೈರೂ ಸತ್ತ ಹಾಗೇ ತೋರಿಸುತ್ತದೆ. ಒದ್ದೆ ಕಾಲು, ಅಲ್ಲಾಡುವ ಪ್ಲಾಸ್ಟಿಕ್ ಸ್ಟೂಲು ಎರಡೂ ಬೇಡ.

• ರೆಗ್ಯುಲೇಟರ್ ಪೂರ್ತಿ ತಿರುಗಿಸಿದರೂ ಫ್ಯಾನ್ ನಿಧಾನವಾದರೆ ಬಹಳಷ್ಟು ಸಲ ಕೆಟ್ಟಿರುವುದು ಕೆಪಾಸಿಟರ್. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಎಂದು ಅದರ ಮೇಲೇ ಬರೆದಿರುತ್ತದೆ. ಅಷ್ಟರದ್ದೇ ತಾ. ಹೆಚ್ಚಿನದು ಹಾಕಿ ಗಾಳಿ ಜಾಸ್ತಿ ಮಾಡುತ್ತೇನೆ ಅನ್ನಬೇಡ, ಮೋಟಾರ್ ಬಿಸಿಯಾಗುತ್ತದೆ. ಮೊದಲ ಸಲ ಎಲೆಕ್ಟ್ರಿಷಿಯನ್ ಹಾಕಲಿ, ನೀನು ಕೆಳಗೆ ನಿಂತು ಟಾರ್ಚ್ ಹಿಡಿ.

• ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಮಾಡಬೇಡ. ಗೋಡೆಯೊಳಗಿನ ವೈರು ಹೆಚ್ಚಾಗಿ ಅಲ್ಲೇ ಇಳಿಯುವುದು. ಗೀಸರಿನ ಕೆಳಗೂ ಬೇಡ, ಅಲ್ಲಿ ಪೈಪ್ ಇರುತ್ತದೆ.

• ಮಳೆಗಾಲದಲ್ಲಿ ಬಾಗಿಲು ಉಬ್ಬಿ ಕೂರದಿದ್ದರೆ ಅಂಚು ಕೀಸಬೇಡ. ಬೇಸಿಗೆಗೆ ಮರ ಒಣಗಿದಾಗ ಸಂದು ಬಿಡುತ್ತದೆ. ಕೀಲಿಗೆ ಎಣ್ಣೆ ಬಿಟ್ಟು, ಸಡಿಲಾದ ತಿರುಪು ಬಿಗಿಮಾಡಿ ಕಾಯಿ.

• ಗ್ಯಾಸ್ ನಿನ್ನ ಕೆಲಸವಲ್ಲ. ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದಷ್ಟೇ ನಿನ್ನ ಪಾಲಿನದು. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚು, ಕಿಟಕಿ ತೆಗೆ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡು.

• ಪ್ಲಂಬರ್ ಬಂದಾಗ ಮೊಬೈಲ್ ನೋಡುತ್ತ ಕೂರಬೇಡ. ಪಕ್ಕದಲ್ಲಿ ನಿಂತು ಅವರ ಕೈ ನೋಡು, ಕೇಳಿದ್ದನ್ನು ಎತ್ತಿಕೊಡು. "ಇಷ್ಟನ್ನು ನಾನೇ ಮಾಡುತ್ತಿದ್ದೆ" ಅಂತ ಮಾತ್ರ ಕೂಲಿ ಕೊಡುವ ಹೊತ್ತಿಗೆ ಅನ್ನಬೇಡ. ನೀನು ಒಂದು ವಾಷರ್ ಹಾಕಿದವನು ಕಣೋ, ಅಷ್ಟೇ.

• ನಮ್ಮ ಬೋರ್‌ವೆಲ್ ನೀರಿಗೆ ಶವರಿನ ತೂತುಗಳೆಲ್ಲ ಬಿಳಿ ಉಪ್ಪು ಕಟ್ಟಿ ಮುಚ್ಚಿವೆ. ಬಿಚ್ಚಿ ರಾತ್ರಿ ವಿನಿಗರ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದರೆ ಸರಿಹೋಗುತ್ತದೆ. ನನ್ನ ಮಂಡಿ ಮೇಲೆ ಹತ್ತಲು ಬಿಡುವುದಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ತರುವಾಗ ಆ ಸ್ಪ್ಯಾನರನ್ನೂ ಚೀಲಕ್ಕೆ ಹಾಕಿಕೊಂಡು ಬಾ.