ಬೆಲ್ಲ ಕೊನೆಗೆ ಬಳಿಯಿರಿ

ಬೆಂಗಳೂರಿನ ಮಾಸ್ಕ್ ರೋಡಿನ ಸುಟ್ಟ ಕೋಳಿಯ ಘಮ ಬಲ್ಲ ಲಿಂಗರಾಜಪುರದವರು ಮನೆಯ ಓವನ್ನಿನಲ್ಲೇ ಖಾರ-ಸಿಹಿ ಕೋಳಿ ಮಾಡುವುದಾದರೆ ಒಂದು ಮಾತು ನೆನಪಿಡಿ: ಬೆಲ್ಲವನ್ನು ಮಸಾಲೆಗೆ ಮೊದಲೇ ಕಲಸಬೇಡಿ. ಮಾಂಸ ಬೇಯುವಷ್ಟರಲ್ಲಿ ಅದು ಸೀದು ಕಹಿಯಾಗುತ್ತದೆ.

ಎದೆಯ ಮಾಂಸ ಬೇಗ ಒಣಗುತ್ತದೆ, ಕಾಲಿನ ತುಂಡುಗಳನ್ನೇ ತನ್ನಿ. ನೆನೆಸಿ ಅರೆದ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಮೊಸರು, ಉಪ್ಪು ಸವರಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಬೇಕಿದ್ದರೆ ಎರಡು ಗುಂಟೂರು ಮೆಣಸಿನಕಾಯಿ ಸೇರಿಸಿ.

ಓವನ್ 200 ಡಿಗ್ರಿಗೆ ಚೆನ್ನಾಗಿ ಕಾದ ಮೇಲಷ್ಟೇ ತಟ್ಟೆ ಒಳಗಿಡಿ. ಅರ್ಧ ಗಂಟೆ ಕಳೆದ ಬಳಿಕ ಬೆಲ್ಲ, ಹುಣಸೆರಸ ಕುದಿಸಿದ ಗಟ್ಟಿ ಪಾಕ ಬಳಿದು ಮತ್ತೆ ಹತ್ತು ಹದಿನೈದು ನಿಮಿಷ ಬಿಡಿ. ಪಾಕ ಸಣ್ಣ ಗುಳ್ಳೆಯೆದ್ದು ಹೊಳೆಯಬೇಕು. ಮೂಳೆಯ ಪಕ್ಕ ಚುಚ್ಚಿದಾಗ ಕೆಂಪು ನೀರು ಬಂದರೆ ಇನ್ನಷ್ಟು ಬೇಯಲಿ. ಹಸಿ ಕೋಳಿ ನೆನೆದ ಮಸಾಲೆಯನ್ನು ಮಾತ್ರ ಬೆಂದ ತುಂಡಿಗೆ ಖಂಡಿತ ಹಚ್ಚಬೇಡಿ.