ಹಾನ್ ವೂದಿ: ಗಡಿ ಹಿಗ್ಗಿತು, ಬೊಕ್ಕಸ ಕರಗಿತು

ಹಾನ್ ವಂಶದ ವೂದಿ ಕ್ರಿ.ಪೂ. 141ರಲ್ಲಿ ಪಟ್ಟವೇರಿದಾಗ ಇನ್ನೂ ಹದಿಹರೆಯದವನು. ಆಳಿದ್ದು ಬರೋಬ್ಬರಿ 54 ವರ್ಷ. ಉತ್ತರದ ಅಲೆಮಾರಿ ಷಿಯೊಂಗ್‌ನುಗಳಿಗೆ ರೇಷ್ಮೆ, ಧಾನ್ಯ, ರಾಜಕುಮಾರಿಯರನ್ನು ಕೊಟ್ಟು ಶಾಂತಿ ಕೊಳ್ಳುವ ಹಳೆಯ ರೂಢಿಯನ್ನು ಮುರಿದು ಅವರ ಮೇಲೆ ದಂಡೆತ್ತಿದ. ಕ್ರಿ.ಪೂ. 111ರಲ್ಲಿ ದಕ್ಷಿಣದ ನಾನ್‌ಯುಯೆ, 108ರಲ್ಲಿ ಕೊರಿಯಾದ ಗೊಜೋಸನ್ ಕೈವಶವಾದವು.

ರೇಷ್ಮೆ ಮಾರ್ಗದ ಪ್ರಶ್ನೆ ಬಂದರೆ ನೆನಪಾಗಬೇಕಾದ ಹೆಸರು ಜಾಂಗ್ ಚಿಯಾನ್. ಕ್ರಿ.ಪೂ. 138ರ ಸುಮಾರಿಗೆ ಷಿಯೊಂಗ್‌ನುಗಳ ವೈರಿಗಳಾದ ಯುಯೆಚಿಗಳ ಸ್ನೇಹ ಕೋರಿ ಹೊರಟ ವೂದಿಯ ಈ ದೂತ ದಾರಿಯಲ್ಲೇ ಅದೇ ಷಿಯೊಂಗ್‌ನುಗಳ ಸೆರೆಸಿಕ್ಕಿ ಸುಮಾರು ಹತ್ತು ವರ್ಷ ಕಳೆದ. ಸಂಧಾನ ಫಲಿಸಲಿಲ್ಲ. ಆದರೆ ಬ್ಯಾಕ್ಟ್ರಿಯದ ಪೇಟೆಯಲ್ಲಿ ಚೀನಾದ್ದೇ ಬಿದಿರು, ಬಟ್ಟೆ ಕಂಡು ಬೆರಗಾದ; ಅವು ಬಂದದ್ದು ಭಾರತದ ಮೂಲಕ!

ಯುದ್ಧದ ಖರ್ಚಿಗೆ ಉಪ್ಪು, ಕಬ್ಬಿಣ, ಮುಂದೆ ಮದ್ಯವೂ ಸರ್ಕಾರದ ಏಕಸ್ವಾಮ್ಯವಾದವು. ಕ್ರಿ.ಪೂ. 124ರಲ್ಲಿ ಕನ್‌ಫ್ಯೂಷಿಯಸ್ ಗ್ರಂಥಗಳ ಪಾಠಕ್ಕೆ ರಾಜವಿದ್ಯಾಲಯ ತೆರೆದವನೇ, ಸೋತ ಸೇನಾನಿಯ ಪರ ಮಾತಾಡಿದ ಇತಿಹಾಸಕಾರ ಸಿಮಾ ಚಿಯಾನ್‌ನ ವೃಷಣಚ್ಛೇದ ಮಾಡಿಸಿದ್ದೂ ಹೌದು.

ಕ್ರಿ.ಪೂ. 87ರಲ್ಲಿ ವೂದಿ ತೀರಿಕೊಂಡ. 81ರಲ್ಲಿ ಈ ಏಕಸ್ವಾಮ್ಯಗಳ ಬಗ್ಗೆ ಆಸ್ಥಾನದಲ್ಲೇ ಜಟಾಪಟಿ ನಡೆಯಿತು: ಮದ್ಯದ್ದು ರದ್ದಾಯಿತು, ಉಪ್ಪು–ಕಬ್ಬಿಣದ್ದು ಹೆಚ್ಚುಕಡಿಮೆ ಹಾಗೇ ಉಳಿಯಿತು.