ಫೋನಿನಲ್ಲಿ ತೋಟದ ಬದು ಸಿಗುತ್ತದೆಯೇ?

ಪ್ರಶ್ನೆ: ಫೋನು ಹಿಡಿದು ಅಡಿಕೆ ತೋಟದ ಸುತ್ತ ನಡೆದರೆ ಆ್ಯಪ್ ತೋರಿಸುವ ವಿಸ್ತೀರ್ಣ ಪಹಣಿಗೆ ಹೆಚ್ಚುಕಡಿಮೆ ಹೊಂದುತ್ತದೆ. ಆದರೆ ನಕ್ಷೆಯಲ್ಲಿ ನಮ್ಮ ಬದು ಪಕ್ಕದವರ ತೋಟದೊಳಗೆ ಕಾಣುತ್ತದೆ. ‘ನಿಖರತೆ 4 ಮೀಟರ್’ ಎಂದೂ ಬರೆದಿರುತ್ತದೆ. ಯಾವುದನ್ನು ನಂಬಬೇಕು?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ವಿಸ್ತೀರ್ಣವನ್ನು ಒಂದು ಮಟ್ಟಿಗೆ ನಂಬಿ. ಬದುವನ್ನು ನಂಬಬೇಡಿ, ಅದರಲ್ಲೂ ಪಕ್ಕದವರ ಎದುರಿಗೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವುಗಳ ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಆ ಹೊತ್ತು ಸೆಕೆಂಡಿನ ಕೋಟಿಯಲ್ಲೊಂದು ಪಾಲು ತಪ್ಪಿದರೂ ಸಾಕು, ದೂರ 30 ಮೀಟರ್ ತಪ್ಪುತ್ತದೆ. ದಾರಿಯಲ್ಲಿ ಸಂಕೇತವನ್ನು ತಡಮಾಡಿಸುವುದು ವಾತಾವರಣದ ಮೇಲಿನ ಅಯಾನುಗೋಳ. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಮೇಲೆ ಹಾದುಹೋಗುವುದರಿಂದ ನಮ್ಮ ಕಡೆ ಇದರ ಕಾಟ ಜಾಸ್ತಿ. ಮಧ್ಯಾಹ್ನ ಹೆಚ್ಚು, ನಸುಕಿನಲ್ಲಿ ಕಡಿಮೆ. ಉಪಗ್ರಹವೇ ಕಳಿಸುವ ಒಂದು ಸೂತ್ರದಿಂದ ಸಾಮಾನ್ಯ ಫೋನು ಈ ತಪ್ಪಿನಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳಬಲ್ಲದು. (2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಆಗ 100 ಮೀಟರ್ ಆಚೀಚೆ ಆಗುತ್ತಿದ್ದುದೂ ಉಂಟು.)

ಅಯಾನುಗೋಳದ ಈ ತಪ್ಪು ಗಳಿಗೆಗೊಂದು ರೀತಿ ಬದಲಾಗುವುದಿಲ್ಲ, ನಿಧಾನವಾಗಿ ಸರಿಯುತ್ತದೆ. ನೀವು ತೋಟ ಸುತ್ತುವ ಹೊತ್ತಿನಲ್ಲಿ ಎಲ್ಲ ಮೂಲೆಗಳೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಸರಿದಿರುತ್ತವೆ. ಇಡೀ ತೋಟವೇ 4 ಮೀಟರ್ ಪೂರ್ವಕ್ಕೆ ಜರುಗಿದರೆ ವಿಸ್ತೀರ್ಣ ಒಂದಿಷ್ಟೂ ಬದಲಾಗದು. ಬದು ಮಾತ್ರ ನೆರೆಯವರಲ್ಲಿ ಹೋಗಿ ಕೂತಿರುತ್ತದೆ. 9 ಅಡಿಗೊಂದು ಸಸಿ ನೆಟ್ಟ ತೋಟದಲ್ಲಿ 4 ಮೀಟರ್ ಎಂದರೆ ಒಂದೂವರೆ ಸಾಲು. ಹಾಗೆಂದು ವಿಸ್ತೀರ್ಣವೂ ಪೂರ್ತಿ ಪಾರಾಗುವುದಿಲ್ಲ. ಚೌಕಾಕಾರದ ಒಂದು ಎಕರೆಯನ್ನು ಸುತ್ತಲೂ ಒಂದು ಮೀಟರ್ ಹೊರಗಿನಿಂದ ನಡೆದರೆ ಎರಡೂವರೆ ಗುಂಟೆ ಹೆಚ್ಚು ಬರುತ್ತದೆ. ಜಾಗ ಚಿಕ್ಕದಾದಷ್ಟೂ ಈ ಪಾಲು ದೊಡ್ಡದು.

ಇನ್ನು ಆ ‘4 ಮೀಟರ್’. ಅದನ್ನು ಯಾರೂ ಅಳೆದು ನೋಡಿ ಬರೆದದ್ದಲ್ಲ, ಫೋನು ತನಗೆ ತಾನೇ ಕೊಟ್ಟುಕೊಂಡ ಅಂಕ. ಆಂಡ್ರಾಯ್ಡ್ ಲೆಕ್ಕದಲ್ಲಿ ಅದರ ಅರ್ಥ, ನೀವು ಅಷ್ಟು ತ್ರಿಜ್ಯದ ವೃತ್ತದೊಳಗೆ ಇರುವ ಸಾಧ್ಯತೆ ಶೇ 68 ಎಂದು. ಅಂದರೆ ಮೂರರಲ್ಲಿ ಒಂದು ಸಲ ನೀವು ವೃತ್ತದ ಹೊರಗೇ. ಒದ್ದೆ ಸೋಗೆಯ ಕೆಳಗೆ ಸಂಕೇತ ಸೊರಗುತ್ತದೆ. ಪಕ್ಕದಲ್ಲಿ ಧರೆಯೋ ಗೋಡೆಯೋ ಇದ್ದರೆ ಅದಕ್ಕೆ ಬಡಿದು ಸುತ್ತುದಾರಿಯಲ್ಲಿ ಬರುತ್ತದೆ. ಇದೆಲ್ಲ ಆ ಅಂಕಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಒಂದೇ ಕಡೆ ಹತ್ತು ನಿಮಿಷ ನಿಂತರೂ ಹೆಚ್ಚು ಲಾಭವಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಬಂದು ಅಳೆದು ಸರಾಸರಿ ತೆಗೆದರೆ ತುಸು ಮೇಲು. ನಕ್ಷೆಯ ಹಿಂದಿರುವ ಉಪಗ್ರಹ ಚಿತ್ರವೇ ಕೆಲವು ಮೀಟರ್ ಸರಿದು ಕೂತಿರಬಹುದು ಎಂಬುದನ್ನೂ ಮರೆಯಬೇಡಿ.

ಸರ್ವೆಯವರು ತರುವ ರೋವರ್ ಕೂಡ ಅದೇ ಉಪಗ್ರಹಗಳನ್ನೇ ಕೇಳುತ್ತದೆ. ಆದರೆ ಸ್ಥಾನ ಮೊದಲೇ ಕರಾರುವಾಕ್ಕಾಗಿ ಗೊತ್ತಿರುವ ಇನ್ನೊಂದು ಕೇಂದ್ರ ಅದೇ ಹೊತ್ತಿನಲ್ಲಿ ಎಷ್ಟು ತಪ್ಪುತ್ತಿದೆ ಎಂದು ನೋಡಿ, ಅಷ್ಟನ್ನು ಕಳೆಯುತ್ತದೆ. ಜೊತೆಗೆ ಸುಮಾರು 19 ಸೆಂ.ಮೀ. ಉದ್ದದ ರೇಡಿಯೊ ಅಲೆಯ ಯಾವ ಹಂತ ಬಂದು ತಲುಪಿತು ಎಂಬುದನ್ನೂ ಅಳೆಯುತ್ತದೆ. ಹಾಗಾಗಿ ಬಯಲಿನಲ್ಲಿ ತಪ್ಪು ಕೆಲವೇ ಸೆಂಟಿಮೀಟರ್. ದಟ್ಟ ತೋಟದೊಳಗೆ ಅದೂ ತಡವರಿಸುತ್ತದೆ. ಆಗ ಬೇರೆ ಉಪಕರಣವೋ ಟೇಪೋ ಬೇಕು.

ತಕರಾರು ಇದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಅಲ್ಲಿ ನೋಡುವುದು ಮೂಲ ಸರ್ವೆ ದಾಖಲೆ ಮತ್ತು ಬಾಂದು ಕಲ್ಲುಗಳನ್ನೇ ಹೊರತು ಆ್ಯಪ್ ಗೆರೆಯನ್ನಲ್ಲ. ಅಳತೆಗೆ ಮುಂಚೆ ಪಕ್ಕದವರಿಗೂ ನೋಟಿಸ್ ಹೋಗುತ್ತದೆ. ಅದು ಕೈಸೇರುವ ಮೊದಲು ನೀವೇ ಹೋಗಿ ಒಂದು ಮಾತು ಹೇಳಿಬಿಡಿ.